ಒಂಟಿ ಗಂಟೆಗೆ ಎತ್ತಿದ ಕೈ

ಮೇಲಿನಿಂದ ನೋಡಿದರೆ ಇಷ್ಟು ಅಗಲವಾಗಿದೆಯೇ ಇವರ ಬೋಳು, ಮನೆಯಲ್ಲಿ ಎದುರಿಗೆ ಕೂತು ಚಹಾ ಕುಡಿಯುವಾಗ ಗೊತ್ತೇ ಆಗುವುದಿಲ್ಲ, ಮುಂದಿನ ನಾಲ್ಕು ಕೂದಲನ್ನು ಹಿಂದಕ್ಕೆ ಬಾಚಿ ಬಾಚಿ ಊರಿನ ಕಣ್ಣಿಗೆಲ್ಲ ಮಣ್ಣೆರಚಿಕೊಂಡು ಬಂದಿದ್ದಾರೆ, ಗ್ಯಾಲರಿಯಲ್ಲಿ ಕೂತವರ ಮುಂದೆ ಮಾತ್ರ ಗುಟ್ಟು ರಟ್ಟು — ಸದನದ ದೀಪಗಳೆಲ್ಲ ಅಲ್ಲೇ ಬಂದು ಬಿದ್ದಿವೆ, ಅಯ್ಯೋ ನನಗೆ ನಗು ಬರುತ್ತಿದೆ, ಇಂಥ ಹೊತ್ತಿನಲ್ಲಿ ನಗು, ಅಮ್ಮಾ ಕಂಬಿ ಮೇಲೆ ಕೈ ಇಡಬೇಡಿ, ಕಾವಲಿನ ಹೆಂಗಸು ಮತ್ತೆ ಹೇಳಿದಳು, ಆಯ್ತಮ್ಮ ಇಡಲ್ಲ, ಆದರೆ ಎಲ್ಲಿಡಲಿ ಈ ಕೈಗಳನ್ನು, ಕೆಳಗೆ ಕೂತಿರುವ ಗಂಡ ಇನ್ನು ಸ್ವಲ್ಪ ಹೊತ್ತಿನಲ್ಲಿ ಏನು ಮಾಡುತ್ತಾರೋ ಎಂದು ಕಾದು ಕೂತವಳಿಗೆ ಒಂದು ಕಂಬಿಯ ಆಸರೆಯೂ ಬೇಡವೇ, ಸಭಾಧ್ಯಕ್ಷರು ಓದುತ್ತಲೇ ಇದ್ದಾರೆ, ಅವರ ದನಿಗೆ ಯಾರಿಗಾದರೂ ನಿದ್ದೆ ಬರಬೇಕು, ನಮ್ಮೂರಿನ ಹಳೇ ಗಣಿಯ ಪಕ್ಕದಲ್ಲಿ ಹೊಸ ಕಲ್ಲಿದ್ದಲು ಗಣಿ, ಆಚೆ ಸಮುದ್ರದಲ್ಲಿ ತೈಲದ ಬಾವಿಗಳು, ಎರಡಕ್ಕೂ ಸರ್ಕಾರ ಹಣ ಹೂಡಬೇಕೋ ಬೇಡವೋ, ಹೂಡಲಿ ಅನ್ನುವವರು ಹಸಿರು ಬಟನ್ನು ಒತ್ತುವುದು, ಬೇಡ ಅನ್ನುವವರು ಕೆಂಪು, ಎರಡೂ ಅಲ್ಲ ಅನ್ನುವ ಜಾಣರಿಗೆ ಹಳದಿ — ಇವರ ಪಕ್ಷದ ಅಪ್ಪಣೆ ಹಸಿರು, ಇವರ ಇಷ್ಟು ವರ್ಷದ ಅಭ್ಯಾಸವೂ ಹಸಿರು, ಇವರ ಮನಸ್ಸು ಯಾವ ಬಣ್ಣ ಎಂದು ಬೆಳಗ್ಗೆಯಿಂದ ಕೇಳಿದರೆ ನೋಡೋಣ ಕಣೇ ನೋಡೋಣ, ಇದೊಂದು ಮಾತು ಕಲಿತುಬಿಟ್ಟಿದ್ದಾರೆ ರಾಜಕೀಯಕ್ಕೆ ಬಂದ ಮೇಲೆ, ಮೊದಲಾದರೆ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ, ನಡುವೆ ಏನೂ ಇರಲಿಲ್ಲ. ಪಕ್ಕದ ಕುರ್ಚಿಯ ಹುಡುಗಿ ನನ್ನ ಕಡೆ ಬಗ್ಗಿದಳು, ದಪ್ಪ ಕನ್ನಡಕ, ಯಾವ ಸದಸ್ಯರು ಯಾವುದಕ್ಕೆ ಮತ ಹಾಕಿದರು ಎಂದು ಜನಕ್ಕೆ ತಿಳಿಸುವ ಗುಂಪಿನವಳಂತೆ, ಆಂಟೀ ಆ ಬೋಳುತಲೆಯವರಿದ್ದಾರಲ್ಲ ಮೂರನೇ ಸಾಲಲ್ಲಿ, ಅವರದ್ದು ನೋಡೋದೇ ಬೇಡ, ಕಣ್ಮುಚ್ಚಿ ಹಸಿರು ಅಂತ ಬರ್ಕೊಬಹುದು. ಹೌದೇನಮ್ಮ, ಅಂದೆ.

ಹೌದೇನಮ್ಮ ಅನ್ನದೆ ಇನ್ನೇನು ಅನ್ನಲಿ, ಆ ಬೋಳುತಲೆಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚುವವಳು ನಾನೇ ಕಣೇ ಅನ್ನಲೇ, ಪಾಪ ಅವಳಿಗೇನು ಗೊತ್ತು, ಅವಳ ಲೆಕ್ಕದಲ್ಲಿ ಅದೊಂದು ತಲೆ, ಒಂದು ಬಣ್ಣ — ನನಗೋ ಆ ಮನುಷ್ಯ ಮೊದಲು ತಲೆಯೂ ಆಗಿರಲಿಲ್ಲ, ಮುಖವೂ ಆಗಿರಲಿಲ್ಲ, ಬರೀ ಒಂದು ಹಗ್ಗ, ಗಣಿಯ ಬಾಯಲ್ಲಿ ನಿಂತು ನಾನು ಗಂಟೆ ಬಾರಿಸುತ್ತಿದ್ದೆ, ಅಪ್ಪ ಮಾಡುತ್ತಿದ್ದ ಕೆಲಸ ಅಪ್ಪನ ಕಾಲಿಗೆ ಪೆಟ್ಟಾದ ಮೇಲೆ ನನಗೆ ಬಂತು, ಇವರು ದೂರದ ಎತ್ತರದ ಕಟ್ಟಡದಲ್ಲಿ ಎರಡು ದೊಡ್ಡ ಹಿಡಿಗಳ ಮುಂದೆ ಕೂತು ನನ್ನ ಗಂಟೆಗೆ ಸರಿಯಾಗಿ ಆ ಹಗ್ಗಕ್ಕೆ ಕಟ್ಟಿದ ತೊಟ್ಟಿಲನ್ನು ಗಣಿಯೊಳಕ್ಕೆ ಇಳಿಸುವವರು, ಎತ್ತುವವರು, ತೊಟ್ಟಿಲು ಅಂತಲೇ ಕರೆಯುತ್ತಿದ್ದೆವು ಆ ಕಬ್ಬಿಣದ ಪಂಜರವನ್ನು, ಎರಡು ಸಲ ಬಾರಿಸಿದರೆ ಇಳಿಸು, ಮೂರು ಸಲವಾದರೆ ಒಳಗಿರುವುದು ಮನುಷ್ಯರು, ಮೆಲ್ಲಗೆ, ಒಂದೇ ಸಲ ಬಿತ್ತೋ ನಿಲ್ಲಿಸು, ಏನೇ ಆಗಿರಲಿ ನಿಲ್ಲಿಸು, ಕೇಳುವ ಹಾಗಿಲ್ಲ, ಯಾಕೆ ಅನ್ನುವ ಹಾಗಿಲ್ಲ, ಒಂಟಿ ಗಂಟೆ ಕಿವಿಗೆ ಬಿದ್ದ ಕೂಡಲೇ ಹಿಡಿಯ ಮೇಲಿನ ಎರಡೂ ಕೈ ಮೇಲೆ ಹಾರಬೇಕು, ಕಾಲು ಬ್ರೇಕಿನ ಮೇಲೆ ಬೀಳಬೇಕು. ಎಷ್ಟೋ ತಿಂಗಳು ಹಾಗೇ ನಡೆಯಿತು, ನಾನು ಬಾರಿಸುವುದು ಅವರು ಕೇಳುವುದು, ಮುಖ ನೋಡಿದ್ದಿಲ್ಲ, ಒಂದು ದಿನ ಚಹಾದ ಕೋಣೆಯಲ್ಲಿ ಉದ್ದ ಕುತ್ತಿಗೆಯ ಒಬ್ಬ ಬಂದು ನಿಂತು, ಆಗ ತಲೆ ತುಂಬ ಕೂದಲು, ದೇವರಾಣೆ, ಮೊನ್ನೆ ಜ್ವರ ಬಂದಿತ್ತಾ ನಿಮಗೆ ಅಂದ, ಬಂದಿತ್ತು ನಿಮಗೆ ಹೇಗೆ ಗೊತ್ತು, ಗಂಟೆ ಸೋತಿತ್ತು ಅಂದ, ನಾನು ಅಲ್ಲೇ ಬಿದ್ದೆ, ಲೋಟದ ಚಹಾ ಆರಿಹೋಯಿತು, ಗಂಟೆ ಸೋತಿತ್ತು ಅನ್ನುವ ಗಂಡಸನ್ನು ಬಿಟ್ಟು ಇನ್ಯಾರನ್ನು ಮದುವೆಯಾಗುವುದು. ಆಮೇಲೆ ಕಾರ್ಮಿಕರ ಸಂಘದ ಕೆಲಸ ಅಂತ ಓಡಾಡಿದರು, ಭಾಷಣ ಬರದಿದ್ದರೂ ಜನ ಇವರನ್ನೇ ಚುನಾವಣೆಗೆ ನಿಲ್ಲಿಸಿದರು, ಯಾಕೆಂದರೆ ಇಷ್ಟು ವರ್ಷ ನಮ್ಮ ಜೀವ ಇವನ ಕೈಯಲ್ಲಿತ್ತು, ಒಂದು ಸಲವೂ ಬಿಡಲಿಲ್ಲ, ಇನ್ನು ಮತ ಇವನ ಕೈಯಲ್ಲಿದ್ದರೆ ಬಿಡುತ್ತಾನೆಯೇ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಬಿಟ್ಟರಲ್ಲ, ಮೊದಲ ದಿನವೇ ಬಿಟ್ಟರು, ನೆನೆಸಿಕೊಂಡರೆ ಈಗಲೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ, ಇಲ್ಲಿ ಮತ ಹಾಕುವ ರೀತಿಯೇ ಹಾಗೆ, ಎಡಗೈ ಮೇಜಿನ ಅಂಚಿನ ಸ್ವಿಚ್ಚಿನ ಮೇಲೆ, ಬಲಗೈ ಬಣ್ಣದ ಬಟನ್ನಿನ ಮೇಲೆ, ಮೊದಲ ಗಂಟೆಗೆ ಎರಡನ್ನೂ ಒತ್ತಬೇಕು, ಎರಡನೇ ಗಂಟೆ ಬೀಳುವವರೆಗೆ ಹಿಡಿದೇ ಇರಬೇಕು, ನಡುವೆ ಕೈ ತೆಗೆದರೆ ಮತವೇ ಇಲ್ಲ, ಅದೂ ಕಲ್ಲಿದ್ದಲಿಗೆ ಹಣ ಹೂಡುವ ಪ್ರಸ್ತಾವವೇ ಅವತ್ತು, ಊರೆಲ್ಲ ಟಿವಿ ಮುಂದೆ, ನಮ್ಮವನು ನಮ್ಮ ಗಣಿಗೆ ಮತ ಹಾಕ್ತಾನೆ ಅಂತ, ಗಂಟೆ ಬಿತ್ತು, ಟಣ್ — ಇವರ ಎರಡೂ ಕೈ ಗಾಳಿಯಲ್ಲಿ, ಯಾರೋ ಬಂದೂಕು ತೋರಿಸಿದವರ ಹಾಗೆ, ಕಾಲು ಹೋಗಿ ಮುಂದಿನ ಸಾಲಿನ ಹಿರಿಯ ಸದಸ್ಯರ ಕುರ್ಚಿಗೆ ಸರಿಯಾಗಿ ಬಿತ್ತು, ಆ ಯಜಮಾನರ ಟೋಪಿ ಮುಂದಕ್ಕೆ ಜಾರಿತು, ಸದನವೆಲ್ಲ ಗೊಳ್ಳೆಂದಿತು, ಫಲಕದಲ್ಲಿ ಇವರ ಹೆಸರಿನ ಮುಂದೆ ಬಣ್ಣವೇ ಇಲ್ಲ. ಮರುದಿನ ಪತ್ರಿಕೆಗಳಲ್ಲಿ ಏನೇನೋ, ಗಣಿ ಊರಿನ ಸದಸ್ಯರ ಮೌನ ಪ್ರತಿಭಟನೆ, ಪಕ್ಷದಲ್ಲಿ ಬಿರುಕು, ಪರಿಸರದವರಿಂದ ಹೂಗುಚ್ಛ ಬಂತು, ಇವರು ಹೂಗುಚ್ಛ ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದರು, ಊರಿನ ಜನ ಮಾತ್ರ ಒಬ್ಬರೂ ಸಿಟ್ಟಾಗಲಿಲ್ಲ, ಟಿವಿಯಲ್ಲಿ ಆ ಕೈ ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು, ಗಣಿಯ ದೀಪದ ಮನೆಯ ಗೆಳೆಯ — ತಲೆಗೆ ಕಟ್ಟುವ ದೀಪಗಳನ್ನು ಹಂಚುತ್ತಿದ್ದವನು, ಬತ್ತಿ ಅಂತಲೇ ಅವನ ಹೆಸರು ಊರಲ್ಲಿ — ಫೋನು ಮಾಡಿ, ಅತ್ತಿಗೆ ತಪ್ಪು ನಿಮ್ದೇ, ಗಂಟೆ ಅಂದ್ರೆ ಗಂಡ ಕೈ ಎತ್ತೋ ಹಾಗೆ ಪಳಗಿಸಿದ್ದೀರಿ, ಎಂದು ನಗುತ್ತ ನಗುತ್ತ ಕೆಮ್ಮಿದ. ನಿಜವೇ, ಆ ಕೈಗಳನ್ನು ಹಾರಿಸಿದ್ದು ನನ್ನ ಗಂಟೆಯೇ, ಆ ಅಭ್ಯಾಸ ಬಿಡಿಸುವುದೂ ನನ್ನ ಕೆಲಸವಾಯಿತು, ಅಡುಗೆಮನೆಯ ಮೇಜಿನ ಮೇಲೆ ಮೂರು ಡಬ್ಬಿಗಳ ಮುಚ್ಚಳ, ಚಹಾಪುಡಿಯದು ಹಸಿರು, ಸಕ್ಕರೆಯದು ಕೆಂಪು, ಉಪ್ಪಿನದು ಹಳದಿ, ನಾನು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುವುದು, ಇವರ ಕೈ ಹಾರುವುದು, ರೀ ಒತ್ತಿ ಹಿಡೀರಿ, ಹಿಡಿದೇ ಇದ್ದೆ ಕಣೇ ಅದೇ ಹೋಯ್ತು, ಮತ್ತೆ ಟಣ್, ಮತ್ತೆ ಕೈ ಗಾಳಿಯಲ್ಲಿ, ಕೊನೆಗೆ ನಾನೇ ಹಿಂದೆ ನಿಂತು ಅವರ ಎರಡೂ ಕೈ ಮೇಲೆ ನನ್ನ ಕೈ ಇಟ್ಟು ಅದುಮಿ ಹಿಡಿದೆ, ಬಾಯಿಂದಲೇ ಟಣ್ ಅಂದೆ, ಕೆಳಗೆ ಆ ಬೆರಳುಗಳು ಹಾರಲು ಒದ್ದಾಡಿದವು, ಆಮೇಲೆ ಸುಮ್ಮನಾದವು. ಅವತ್ತಿನಿಂದ ಇವರ ಕೈ ಒಂದು ಸಲವೂ ತಪ್ಪಿಲ್ಲ.

ಅದಾದ ಮೇಲೆ ಎಲ್ಲ ಹಸಿರೇ, ಹುಡುಗಿ ಸುಳ್ಳು ಹೇಳುತ್ತಿಲ್ಲ, ಅವಳ ಗುಂಪಿನವರು ಎಲ್ಲರ ಮತದ ದಾಖಲೆಯನ್ನು ಫೋನಿನಲ್ಲಿ ಕಾಣುವ ಹಾಗೆ ಮಾಡಿದ್ದಾರೆ, ಪಳೆಯುಳಿಕೆ ಇಂಧನದಲ್ಲಿ ಸರ್ಕಾರದ ಹೂಡಿಕೆ ಎಂದು ತಲೆಬರಹ, ಅದರ ಕೆಳಗೆ ಇವರ ಫೋಟೋ, ಎದುರಿಗೆ ಕಲ್ಲಿದ್ದಲಿನ ಕರಿ ಉಂಡೆಯ ಚಿತ್ರಗಳು, ಒಂದೊಂದು ಹಸಿರು ಮತಕ್ಕೆ ಒಂದೊಂದು ಉಂಡೆ, ಸಾಲು ಸಾಲಾಗಿ, ಶುರುವಿನಲ್ಲಿ ಒಂದೇ ಒಂದು ಖಾಲಿ ಚೌಕ, ಗೈರು — ಇವರು ಕನ್ನಡಕ ಹಣೆಗೇರಿಸಿ ನೋಡಿದರು, ನೂರಕ್ಕೆ ನೂರು ಬರೋದಿತ್ತು ಕಣೇ, ಸ್ಕೂಲಲ್ಲಂತೂ ಬರಲಿಲ್ಲ, ಇಲ್ಲಿ ನಿನ್ನ ಗಂಟೆಯಿಂದ ಹೋಯ್ತು. ನಗಿಸಿದರು, ಆದರೆ ಫೋನು ಕೆಳಗಿಡಲಿಲ್ಲ, ಬೆರಳಿನಿಂದ ಒಂದೊಂದು ಉಂಡೆಯನ್ನೂ ಮುಟ್ಟುತ್ತ ಹೋದರು, ಇದು ಹಳೇ ಗಣಿಗೆ ಪಂಪು ಹಾಕಿಸಿದ್ದು, ಇದು ಕೆಳಗಿನ ಸುರಂಗಕ್ಕೆ ಕಂಬ, ಇದು ಎರಡನೇ ಹಗ್ಗ, ಇದಿಲ್ಲದಿದ್ರೆ ಬತ್ತಿಯ ತಮ್ಮ ಇವತ್ತು ಇರ್ತಿರಲಿಲ್ಲ — ಅವರಿಗೆ ಅದು ಇಂಧನವೂ ಅಲ್ಲ, ಪಳೆಯುಳಿಕೆಯೂ ಅಲ್ಲ, ಹಗ್ಗದ ತುದಿಯಲ್ಲಿ ಜನ ಇದ್ದಾರೆ, ಅಷ್ಟೇ, ಮೇಲೆ ಕೂತವನು ಕೈ ಬಿಡಬಾರದು, ಪ್ರತಿ ಸಲ ಹಸಿರು ಒತ್ತುವಾಗ ಮೂರು ಸಲ ಗಂಟೆ ಕೇಳಿಸುತ್ತಿತ್ತಂತೆ ತಲೆಯೊಳಗೆ, ಒಳಗಿರುವುದು ಮನುಷ್ಯರು, ಮೆಲ್ಲಗೆ. ಇದನ್ನು ಈ ಹುಡುಗಿಗೆ ಹೇಳಬೇಕು ಅನ್ನಿಸುತ್ತದೆ, ಕರಿ ಉಂಡೆ ಇಡಮ್ಮ, ಬೇಡ ಅನ್ನಲ್ಲ, ಪಕ್ಕದಲ್ಲಿ ಒಂದು ಸಣ್ಣ ಹಗ್ಗವನ್ನೂ ಇಡು, ಅವಳಾದರೂ ಏನು ಮಾಡಿಯಾಳು, ಅವಳು ಹುಟ್ಟಿದ ಮೇಲಿನ ಬೇಸಿಗೆಗಳೆಲ್ಲ ಹೀಗೇ ಸುಡುತ್ತ ಬಂದಿವೆ, ನಾವು ಬಾಗಿಲು ತೆರೆದಿಟ್ಟು ಮಲಗುತ್ತಿದ್ದ ಬೇಸಿಗೆ ಅವಳಿಗೆ ಗೊತ್ತಿಲ್ಲ, ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ, ಉಗುರು ಕಚ್ಚುತ್ತಿದ್ದಾಳೆ ಪಾಪ, ಕಚ್ಚಬೇಡಮ್ಮ ಅಂದೆ, ಟೆನ್ಷನ್ ಆಂಟೀ, ಸೋಲ್ತೀವಿ ಅಂತ ಗೊತ್ತು, ಆದ್ರೂ ಟೆನ್ಷನ್. ನನ್ನ ಚೀಲದಲ್ಲಿದ್ದ ಪೆಪ್ಪರಮಿಂಟು ಕೊಟ್ಟೆ.

ಇವರೂ ಒಂದು ಬಾಯಿಗೆ ಹಾಕಿಕೊಂಡೇ ಹೋಗಿದ್ದಾರೆ, ಈಗ ಕರಗಿರುತ್ತದೆ, ಕೆಳಗೆ ಬಾಗಿಲು ಹಾಕುತ್ತಿದ್ದಾರೆ, ಎರಡೂ ಕಡೆಯ ದೊಡ್ಡ ಬಾಗಿಲುಗಳು, ಇನ್ನು ಯಾರೂ ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ, ಇವರು ಕುತ್ತಿಗೆಯ ಹಿಂದೆ ಕೆರೆದುಕೊಂಡರು, ಮನಸ್ಸು ಕೂರದಿದ್ದರೆ ಅಲ್ಲಿ ತುರಿಸುತ್ತದೆ ಇವರಿಗೆ, ಹೊಸ ಗಣಿಯ ಕಾಗದಗಳನ್ನು ಓದಿದ ವಾರವೆಲ್ಲ ಅಲ್ಲೇ ತುರಿಸಿ ತುರಿಸಿ ಕೆಂಪಾಗಿತ್ತು, ಓದುವುದೆಂದರೆ ದೂರ ಓಡುವ ಮನುಷ್ಯ ಪೂರ್ತಿ ಓದಿದರು, ನಕಾಶೆ ಸಮೇತ, ಒಂದು ಸಂಜೆ ಬಟ್ಟೆ ಮಡಚುತ್ತಿದ್ದ ನನ್ನ ಹತ್ತಿರ ಬಂದು, ಇದರಲ್ಲಿ ಹಗ್ಗಾನೇ ಇಲ್ಲ ಕಣೇ ಅಂದರು, ಏನು ಇಲ್ಲ, ಹಗ್ಗ, ತೊಟ್ಟಿಲು, ಗಂಟೆ, ಯಾವುದೂ ಇಲ್ಲ, ನೆಲಾನೇ ಮೇಲಿಂದ ಸೀಳ್ಕೊಂಡು ಹೋಗೋ ಯಂತ್ರ, ಅದನ್ನ ನಡೆಸೋನು ಬೇರೆ ಊರಲ್ಲಿ ತಣ್ಣಗೆ ಕೋಣೇಲಿ ಕೂತಿರ್ತಾನೆ, ನಮ್ಮ ಜನಕ್ಕೆ ಸಿಗೋದು ಗುಂಡಿ ಮತ್ತೆ ಧೂಳು, ಸುಮ್ಮನೆ ನನ್ನ ಪಕ್ಕ ಕೂತು ಒಂದು ಟವೆಲನ್ನು ತಪ್ಪಾಗಿ ಮಡಚಿದರು, ನಾನು ಬಿಚ್ಚಿ ಮಡಚಿದೆ, ಹೊರಗೆ ಕತ್ತಲಾಗುವ ಹೊತ್ತಾದರೂ ಗೋಡೆ ಒಲೆಯಂತೆ ಸುಡುತ್ತಿತ್ತು, ಆಮೇಲೆ ಕಿಟಕಿಯ ಕಡೆ ನೋಡುತ್ತ, ನಾನು ಮೇಲೆತ್ತಿದ ಕಲ್ಲಿದ್ದಲೆಲ್ಲ ಎಲ್ಲಿ ಹೋಯ್ತು ಅಂದ್ಕೊಂಡಿದ್ದೀಯ, ಅಲ್ಲೇ ಇದೆ, ಹೊಗೆಯಾಗಿ, ಆಕಾಶದಲ್ಲಿ, ಎತ್ತಿದ್ದು ನಾನು, ಬಾರಿಸಿದ್ದು ನೀನು, ಈಗ ಇಳಿಸೋಕೆ ಯಾವ ಗಂಟೆ ಇದೆ ಹೇಳು ನೋಡೋಣ. ಆಕಾಶದಿಂದ ಇಳಿಸುವ ಗಂಟೆ ನನಗೆ ಗೊತ್ತಿಲ್ಲ, ನಿಲ್ಲಿಸುವುದು ಮಾತ್ರ ಗೊತ್ತು, ನಿಲ್ಲಿಸಿ ರೀ ಅಂದೆ, ಅಷ್ಟೇ ಅಂದೆ, ಅದಕ್ಕೆ ಇವರು, ಬತ್ತಿ ಮಾತು ಬಿಡ್ತಾನೆ ಅಂದರು, ಬಿಟ್ಟಾನು, ಅವನಿಗೆ ಗಣಿ ಅಂದರೆ ಪ್ರಾಣ, ನಿನ್ನೆ ಫೋನಿನಲ್ಲಿ ಹೇಳಿಯೇ ಬಿಟ್ಟ, ನೀನು ಬೇಡ ಅಂತ ಒತ್ತಿದ್ಯೋ ನನ್ನ ಬಾಗಿಲಿಗೆ ಬರಬೇಡ, ನಾನು ಸತ್ರೂ ಬರಬೇಡ, ಪಕ್ಷದಿಂದ ಹೊರಗೆ ಹಾಕುವುದು, ಮುಂದಿನ ಸಲ ನಿಲ್ಲಿಸದೆ ಇರುವುದು, ಅದೆಲ್ಲ ಇವರಿಗೆ ಲೆಕ್ಕಕ್ಕಿಲ್ಲ, ಬತ್ತಿ ಲೆಕ್ಕಕ್ಕಿದ್ದಾನೆ, ಊರಿನ ಒಂದೊಂದು ಬಾಗಿಲೂ ಲೆಕ್ಕಕ್ಕಿದೆ. ನನಗೂ ಇದೆ.

ಅದಕ್ಕೇ ಇವತ್ತು ಬೆಳಗ್ಗೆ ಸಚೇತಕ ಕ್ಯಾಂಟೀನಿನ ಹೊರಗೆ ನಮ್ಮಿಬ್ಬರನ್ನೂ ಅಡ್ಡಹಾಕಿ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ, ಪಕ್ಷದವರೆಲ್ಲ ಅಪ್ಪಣೆಯಂತೆ ಮತ ಹಾಕುವ ಹಾಗೆ ನೋಡಿಕೊಳ್ಳುವುದು ಅವನ ಕೆಲಸ, ಕೆಟ್ಟವನಲ್ಲ, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು, ಅಣ್ಣ ನಿಮ್ಮ ಕಷ್ಟ ನಂಗೆ ಗೊತ್ತು, ಹಸಿರು ಒತ್ತೋಕೆ ಮನಸಿಲ್ವಾ, ಬೇಡ, ಕೆಂಪು ಮಾತ್ರ ಒತ್ಬೇಡಿ, ಮೊದಲ ದಿನ ಆಗಿತ್ತಲ್ಲ, ಹಾಗೇ ಕೈ ಎತ್ಬಿಡಿ, ಹಳೇ ಅಭ್ಯಾಸ ಅಂತೀವಿ, ಎಲ್ಲರೂ ನಗ್ತಾರೆ, ನಾನೂ ನಗ್ತೀನಿ, ಯಾರಿಗೂ ನೋವಿಲ್ಲ, ಬತ್ತಿಗೂ ಇಲ್ಲ, ಅಲ್ವಾ ಅತ್ತಿಗೆ, ನೀವಾದ್ರೂ ಹೇಳಿ — ಇವರು ನನ್ನ ಮುಖ ನೋಡಿದರು, ನಾನು ಇವರ ಕೋಟಿನ ಮೇಲಿದ್ದ ಇಲ್ಲದ ಧೂಳು ಒರೆಸಿದೆ, ಹೇಳಬಹುದಿತ್ತು, ಆ ಕೈ ನನ್ನದು ಕಣಪ್ಪಾ, ಮೊದಲ ದಿನ ಹಾರಿದ್ದು ನನ್ನ ಗಂಟೆಗೆ, ನಾವಿಬ್ಬರೂ ಅಷ್ಟು ವರ್ಷ ಒಬ್ಬರಿಗೊಬ್ಬರು ಕಟ್ಟುಬಿದ್ದು ಜನರನ್ನು ಕಾಪಾಡಿದ್ದಕ್ಕೆ, ಅದನ್ನು ನಾಟಕಕ್ಕೆ ಕೊಡು ಅನ್ನುತ್ತೀಯಲ್ಲ, ಅದು ಹುಸಿಯಾದರೆ ನಮ್ಮ ಚಹಾದ ಕೋಣೆಯೂ ಹುಸಿ, ಗಂಟೆ ಸೋತಿತ್ತು ಅಂದದ್ದೂ ಹುಸಿ — ಇಷ್ಟೆಲ್ಲ ಈಗ ಹೊಳೆಯುತ್ತಿದೆ, ಆಗ ಹೊಳೆಯಲಿಲ್ಲ, ಹಸಿರು ಒತ್ತಿ ಬೇಕಾದರೆ ರೀ, ಬೈದುಕೊಂಡಾದರೂ ಊಟ ಬಡಿಸುತ್ತೇನೆ, ಕೆಂಪು ಒತ್ತಿ, ಬತ್ತಿಯ ಬಾಗಿಲಲ್ಲಿ ನಾನೇ ಹೋಗಿ ಕೂರುತ್ತೇನೆ, ತೆರೆಯುವವರೆಗೆ ಕೂರುತ್ತೇನೆ, ಆ ಕೈ ಮಾತ್ರ ಎತ್ತಬೇಡಿ, ಅದೊಂದನ್ನು ನೋಡಲಾರೆ. ಸಚೇತಕ ಅಲ್ಲಿ ಹಿಂದಿನ ಸಾಲಿನಿಂದ ಇವರನ್ನೇ ನೋಡುತ್ತಿದ್ದಾನೆ, ಆಗಲೇ ಅರ್ಧ ನಗು ಸಿದ್ಧಮಾಡಿಕೊಂಡಿದ್ದಾನೆ.

ಸಭಾಧ್ಯಕ್ಷರು ಕಾಗದ ಕೆಳಗಿಟ್ಟರು, ಸದಸ್ಯರು ತಮ್ಮ ತಮ್ಮ ಜಾಗದಲ್ಲಿ, ಕೈಗಳೆಲ್ಲ ಮೇಜಿಗೆ ಬಂದವು, ಇವರ ಎಡಗೈ ಅಂಚಿನ ಸ್ವಿಚ್ಚಿಗೆ, ಬಲಗೈ ಇನ್ನೂ ಕುತ್ತಿಗೆಯ ಹಿಂದೆ, ಇಳಿಸಿ ರೀ, ಇಳಿಯಿತು, ಹತ್ತಿರದ್ದು ಹಸಿರು, ಚಹಾಪುಡಿ, ಅದರ ಮೇಲೆ ಒಂದು ಕ್ಷಣ ನಿಂತಿತು, ಆ ಹುಡುಗಿ ಪೆಪ್ಪರಮಿಂಟು ಕಟಕ್ಕೆಂದು ಕಚ್ಚಿದಳು, ನೋಡಿ ಆಂಟೀ ಹೇಳಿದ್ನಲ್ಲ, ಸುಮ್ಮನಿರಮ್ಮ, ಬೆರಳು ಸರಿಯುತ್ತಿದೆ, ಸರಿಯುತ್ತಿದೆಯೇ ಅಥವಾ ನನ್ನ ಕಣ್ಣೇ ಸರಿಯುತ್ತಿದೆಯೇ, ಹಸಿರು ದಾಟಿತು, ನಡುವಿನದ್ದು, ಸಕ್ಕರೆ, ಸಕ್ಕರೆಯ ಮೇಲಿದೆ ಇವರ ಬೆರಳು, ಹಾಗೆ ಇಟ್ಟವರೂ ಎತ್ತಬಹುದು, ಎಲ್ಲಿಟ್ಟರೇನು ಎತ್ತಿದರೆ ಎಲ್ಲ ಒಂದೇ, ಟಣ್ — ನನ್ನ ಎರಡೂ ಕೈ ಕಂಬಿಯ ಮೇಲೆ ಬಿದ್ದವು, ಅದುಮಿದೆ, ಅಮ್ಮಾ ಕಂಬಿ, ಬೈಯಲಿ, ಇವರ ಹೆಗಲು ಒಮ್ಮೆ ಜಿಗಿಯಿತು, ಹಾರಲು ಹೊರಟ ಹೆಗಲು ಅದು, ನನಗೆ ಗೊತ್ತು, ಮುಂದಿನ ಕುರ್ಚಿಯೂ ಸ್ವಲ್ಪ ಅಲ್ಲಾಡಿತು, ಕಾಲು ತಡೆಯಲಿಲ್ಲ ಪಾಪ, ಕೈ — ಕೈ ಅಲ್ಲೇ ಇದೆ, ಎರಡೂ ಅಲ್ಲೇ ಇವೆ, ಸಚೇತಕನ ನಗು ಎಲ್ಲಿಡುವುದೆಂದು ತಿಳಿಯದೆ ನಿಂತಿದೆ, ಹುಡುಗಿ ಫಲಕ ನೋಡುತ್ತಿದ್ದಾಳೆ, ನಾನು ಫಲಕ ನೋಡುವುದಿಲ್ಲ, ನನಗೆ ಆ ಕೈಗಳು ಸಾಕು, ಎಷ್ಟು ಉದ್ದವಪ್ಪ ಈ ಎರಡು ಗಂಟೆಗಳ ನಡುವಿನ ಹೊತ್ತು, ಅಷ್ಟರಲ್ಲಿ ತೊಟ್ಟಿಲು ತಳ ಮುಟ್ಟಿ ಬರುತ್ತಿತ್ತು, ಹಿಡೀರಿ, ಹಿಡಿದೇ ಇರಿ, ಟಣ್ — ಆಯಿತು, ಎರಡನೆಯದೂ ಆಯಿತು, ಎಲ್ಲರ ಕೈ ಮೇಜಿನಿಂದ ಎದ್ದವು, ಆಂಟೀ ಅವರು ಕೆಂಪು ಆಂಟೀ, ಬೋಳುತಲೆಯವರು ಕೆಂಪು, ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಯಾರೋ ಕೂಗುತ್ತಿದ್ದಾರೆ, ಪಕ್ಕದ ಸದಸ್ಯರು ಇವರ ಭುಜ ಮುಟ್ಟಿ ಏನೋ ಹೇಳುತ್ತಿದ್ದಾರೆ, ಮುಗೀತು ಬಿಡಿ ಅನ್ನುತ್ತಿರಬೇಕು, ಇವರಿಗೆ ಕೇಳಿಸುತ್ತಿಲ್ಲ, ಮುಗೀತು ರೀ, ಬಿಡಿ ಇನ್ನು, ಬಿಡಬಹುದು — ಬಿಡುತ್ತಿಲ್ಲ, ಅಷ್ಟು ದೊಡ್ಡ ಸದನದಲ್ಲಿ ಎರಡೇ ಕೈ ಇನ್ನೂ ಮೇಜಿನ ಮೇಲೆ, ಒತ್ತಿ ಹಿಡಿದೇ ಇವೆ.